ಅಳತೆಗೋಲು ಬಂತು, ಅಳೆಯುವವರು ಬರಲಿಲ್ಲ

ಪಾಠ ತಲೆಗೆ ಹತ್ತದ ಹುಡುಗನನ್ನು ದಡ್ಡನೆಂದು ಕರೆಯಲು ಯಾವ ಶಾಸ್ತ್ರದ ನೆರವೂ ಬೇಕಾಗಿಲ್ಲ. ಅವನು ಹುಟ್ಟಿನಿಂದಲೇ ಮಂದನೋ, ಕಿವಿ ಸರಿಯಾಗಿ ಕೇಳಿಸದವನೋ, ಬೆಳಗ್ಗೆ ಏನೂ ತಿನ್ನದೆ ಬಂದವನೋ, ಮನೆಯ ನುಡಿ ಒಂದು ಶಾಲೆಯ ನುಡಿ ಇನ್ನೊಂದಾಗಿ ತಬ್ಬಿಬ್ಬಾದವನೋ, ಇಲ್ಲವೆ ಮಿಕ್ಕೆಲ್ಲದರಲ್ಲಿ ಚುರುಕಾಗಿದ್ದು ಅಕ್ಷರದ ಮುಂದೆ ಮಾತ್ರ ಸೋಲುವವನೋ ಎಂದು ಬಿಡಿಸಿ ಹೇಳಬೇಕಾದಾಗ ಶಾಸ್ತ್ರ ಬೇಕಾಗುತ್ತದೆ. ಶಾಸ್ತ್ರವನ್ನು ಬಲ್ಲ ಒಬ್ಬ ಮನುಷ್ಯ ಬೇಕಾಗುತ್ತಾನೆ. ಆ ಮನುಷ್ಯನಿಗೆ ಈ ಒಂದು ಮಗುವಿನೊಡನೆ ಕುಳಿತುಕೊಳ್ಳಲು ಒಂದೆರಡು ಗಂಟೆಯ ಬಿಡುವೂ ಬೇಕಾಗುತ್ತದೆ. ಅವನಿಗೆ ಶಿಕ್ಷಣ ಮನಶ್ಶಾಸ್ತ್ರಜ್ಞನೆಂದು ಹೆಸರು. ಈ ಕಸುಬಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆಡಳಿತದಿಂದ ಸಂಬಳ ಪಡೆಯುವ ಹುದ್ದೆಯಾಗಿ ಇದು ಮೊದಮೊದಲು ನೆಲೆ ಕಂಡ ಇಂಗ್ಲೆಂಡಿನಲ್ಲಿ ಇಂದಿಗೂ ಇಂಥ ಜನ ಸಾಲದು. ಇದರ ಅಳತೆಗೋಲು ಬಹು ಬೇಗ ಬಂದು ತಲಪಿದ ನಮ್ಮ ಕನ್ನಡ ನಾಡಿನಲ್ಲಂತೂ ಅಳೆಯುವವರಿಗೆಂದು ಶಾಲೆಯಲ್ಲಿ ಒಂದು ಕುರ್ಚಿಯನ್ನೂ ಹಾಕಲಿಲ್ಲ. ಹೀಗೇಕಾಯಿತೆಂಬುದನ್ನು ಮೊದಲಿನಿಂದ ನೋಡಿಕೊಂಡು ಬರುವುದು ಒಳ್ಳೆಯದು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ತಿದ್ದಲು ಬಾರದವನು ನಾಲ್ಕು ದಿನ ಬೆತ್ತದ ರುಚಿ ನೋಡಿ ಐದನೆಯ ದಿನ ದನ ಕಾಯಲು ಹೋಗುತ್ತಿದ್ದ. ಅವನನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ಯೂರೋಪಿನ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ಇಂಗ್ಲೆಂಡಿನಲ್ಲಿ 1880ರಲ್ಲಿ, ಫ್ರಾನ್ಸಿನಲ್ಲಿ 1882ರಲ್ಲಿ ಶಿಕ್ಷಣ ಕಡ್ಡಾಯವಾದ ಮೇಲೆ ಈ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಬಡವರ ಮಕ್ಕಳು, ರೋಗಿಷ್ಠರು, ತೊದಲುವವರು, ತುಂಟರು ಎಲ್ಲರೂ ಒಂದೇ ಕೊಠಡಿಯಲ್ಲಿ ಬಂದು ಕುಳಿತರು. ಇಂಗ್ಲೆಂಡಿನಲ್ಲಾದರೋ 1862ರಿಂದ ಸುಮಾರು ಮೂವತ್ತೈದು ವರ್ಷಗಳ ಕಾಲ ಇನ್ನೊಂದು ವಿಲಕ್ಷಣ ಪದ್ಧತಿ ನಡೆದಿತ್ತು. ಸರ್ಕಾರದ ಇನ್ಸ್‌ಪೆಕ್ಟರು ಬಂದು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷೆ ಮಾಡುತ್ತಿದ್ದ. ಎಷ್ಟು ಮಕ್ಕಳು ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಅನುದಾನ. ಹೀಗೆ, ಕಲಿಯಲಾರದ ಮಗು ಉಪಾಧ್ಯಾಯರ ಪಾಲಿಗೆ ಬರಿಯ ತಲೆನೋವಾಗಿರದೆ ನೇರವಾಗಿ ಹಣದ ನಷ್ಟವೂ ಆಯಿತು. ಹಿಂದುಳಿದ ಮಗುವೆಂಬ ಜಾತಿಯನ್ನು ಸೃಷ್ಟಿಸಿದ್ದು ಪ್ರಕೃತಿ ಎನ್ನುವುದಕ್ಕಿಂತ ಹಾಜರಿ ಪುಸ್ತಕ ಎನ್ನುವುದೇ ಸತ್ಯಕ್ಕೆ ಹತ್ತಿರ.

ಫ್ರಾನ್ಸಿನ ಶಿಕ್ಷಣ ಮಂತ್ರಿ 1904ರಲ್ಲಿ ಒಂದು ಆಯೋಗವನ್ನು ನೇಮಿಸಿದ. ಸಾಮಾನ್ಯ ತರಗತಿಯಲ್ಲಿ ಕಲಿಯಲಾರದ ಮಕ್ಕಳನ್ನು ಗುರುತಿಸಿ ಬೇರೆ ತರಗತಿಗಳಲ್ಲಿ ಓದಿಸುವುದು ಹೇಗೆಂಬುದು ಅದರ ವಿಚಾರ. ಆಯೋಗದ ಸದಸ್ಯರಲ್ಲಿ ಆಲ್‌ಫ್ರೆಡ್ ಬಿನೇ ಒಬ್ಬ. ಈತ ತನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಆಡುವುದನ್ನೂ ಎಣಿಸುವುದನ್ನೂ ವರ್ಷಗಟ್ಟಲೆ ನೋಡಿ ಬರೆದಿಟ್ಟುಕೊಂಡಿದ್ದ ತಂದೆ. ಮಗುವಿನ ಬುದ್ಧಿ ದೊಡ್ಡವರ ಬುದ್ಧಿಯ ಚಿಕ್ಕ ಪ್ರತಿಯಲ್ಲವೆಂದು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ಕಂಡವನು. ಆಗ ಮಗು ಮಂದಮತಿಯೇ ಅಲ್ಲವೇ ಎಂದು ತೀರ್ಮಾನಿಸುತ್ತಿದ್ದವರು ವೈದ್ಯರು. ಒಂದೇ ಮಗುವಿಗೆ ಕೆಲವು ದಿನಗಳ ಅಂತರದಲ್ಲಿ ಬೇರೆಬೇರೆ ವೈದ್ಯರು ಬೇರೆಬೇರೆ ಹೆಸರಿನ ಪ್ರಮಾಣಪತ್ರ ಕೊಟ್ಟಿದ್ದನ್ನು ಬಿನೇ ಎತ್ತಿ ತೋರಿಸಿದ. ಉಪಾಧ್ಯಾಯರ ಮಾತನ್ನೂ ಅವನು ಸುಮ್ಮನೆ ಒಪ್ಪಲಿಲ್ಲ. ಕಾಟ ಕೊಡುವ ಹುಡುಗನನ್ನು ಸಾಗಹಾಕುವ ಆಸೆ ಯಾರಿಗಿಲ್ಲ ಎಂಬ ಅನುಮಾನ ಅವನಿಗಿದ್ದಿತು.

ಅವನೂ ಅವನ ಸಹಾಯಕ ತಿಯೊಡೋರ್ ಸಿಮೋನನೂ ಸೇರಿ 1905ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಏಣಿಯನ್ನು ಕಟ್ಟಿದರು. ಮೊದಲ ಮೆಟ್ಟಲಲ್ಲಿ, ಉರಿಯುವ ಬೆಂಕಿಕಡ್ಡಿಯನ್ನು ಅತ್ತಿತ್ತ ಆಡಿಸಿದರೆ ಮಗುವಿನ ಕಣ್ಣು ಅದನ್ನು ಹಿಂಬಾಲಿಸುತ್ತದೆಯೇ ಎಂದು ನೋಡುವುದು. ಮೇಲೆ ಹೋದಂತೆ ಮೂರು ಅಂಕೆಗಳನ್ನು ಕೇಳಿ ಮರಳಿ ಹೇಳುವುದು, ಎರಡು ಗೆರೆಗಳಲ್ಲಿ ಉದ್ದವಾದುದನ್ನು ತೋರಿಸುವುದು, ಮಡಿಸಿ ಕತ್ತರಿಸಿದ ಕಾಗದವನ್ನು ಬಿಡಿಸಿದರೆ ಹೇಗಿರುತ್ತದೆಂದು ಊಹಿಸುವುದು. ಕೊನೆಯ ಮೆಟ್ಟಲಿಗೆ ಬಂದರೆ, ಗೌರವಕ್ಕೂ ಪ್ರೀತಿಗೂ ಏನು ಭೇದವೆಂಬಂಥ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಎಷ್ಟೋ ಮಂದಿ ದೊಡ್ಡವರೇ ತಡವರಿಸಿಯಾರು. 1908ರಲ್ಲಿ ಈ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ್ದರಿಂದ, ಎಂಟು ವರ್ಷದ ಹುಡುಗ ಆರು ವರ್ಷದವರ ಪ್ರಶ್ನೆಗಳಲ್ಲೇ ನಿಂತುಬಿಟ್ಟರೆ ಎರಡು ವರ್ಷ ಹಿಂದೆ ಬಿದ್ದಿದ್ದಾನೆಂದು ಹೇಳಬಹುದಾಯಿತು.

ಬಿನೇಗೆ ಈ ಏಣಿ ಒಂದು ಸಾಧನ ಮಾತ್ರವಾಗಿತ್ತು. ಹಿಂದೆ ಬಿದ್ದ ಮಗುವನ್ನು ಗುರುತಿಸಿದ ಮೇಲೆ ಗಮನವಿಡುವುದಕ್ಕೂ ನೆನಪಿಡುವುದಕ್ಕೂ ಅಭ್ಯಾಸ ಮಾಡಿಸಿ ಅದನ್ನು ಮುಂದಕ್ಕೆ ತರಬೇಕೆಂಬುದು ಅವನ ಆಶಯ. ಬುದ್ಧಿಯೆಂಬುದು ಹೆಚ್ಚಿಸಲಾಗದ ಒಂದು ಗೊತ್ತಾದ ಮೊತ್ತವೆಂದು ವಾದಿಸುವವರನ್ನು ಅವನು 1909ರ ತನ್ನ ಪುಸ್ತಕದಲ್ಲಿ ಕಟುವಾಗಿಯೇ ಖಂಡಿಸಿದ. ಎರಡು ವರ್ಷಗಳಲ್ಲಿ ಅವನು ತೀರಿಕೊಂಡ. ಏಣಿ ಉಳಿಯಿತು; ಅದರ ಜತೆಗಿದ್ದ ಎಚ್ಚರಿಕೆ ಉಳಿಯಲಿಲ್ಲ. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಯುಕ್ತಿಯನ್ನು ತಂದ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ನೂರರಿಂದ ಗುಣಿಸಿದ. ಕನ್ನಡದಲ್ಲಿ ಇದಕ್ಕೆ ‘ಬುದ್ಧಿಲಬ್ಧ’ ಎಂಬ ಚೆಂದದ ಮಾತು ಹುಟ್ಟಿತು. ಭಾಗಾಕಾರದ ಲಬ್ಧವೇ ಇಲ್ಲಿರುವುದಾದರೂ ‘ಲಬ್ಧ’ ಎಂದರೆ ದೊರೆತದ್ದು ಎಂಬ ಅರ್ಥವೂ ಇದೆಯಷ್ಟೆ. ದೊರೆತದ್ದೆಂದ ಮೇಲೆ ಹಣೆಯಲ್ಲಿ ಬರೆದದ್ದೆಂಬ ಭಾವನೆಗೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಪಾಶ್ಚಾತ್ಯರು ನಮಗಿಂತ ಮೊದಲೇ ಇಟ್ಟುಬಿಟ್ಟಿದ್ದರು.

ಇನ್ನು ಲಂಡನ್ನಿಗೆ ಬರೋಣ. 1913ರಲ್ಲಿ ಲಂಡನ್ ಕೌಂಟಿ ಕೌನ್ಸಿಲು ಸಿರಿಲ್ ಬರ್ಟ್ ಎಂಬ ತರುಣನನ್ನು ತನ್ನ ಶಾಲೆಗಳ ಮನಶ್ಶಾಸ್ತ್ರಜ್ಞನನ್ನಾಗಿ ನೇಮಿಸಿತು. ಬ್ರಿಟನ್ನಿನಲ್ಲಿ ಇಂಥ ಹುದ್ದೆ ಇದೇ ಮೊದಲು. ಅದರ ಸ್ವರೂಪವನ್ನು ನೋಡಿ: ಹಲವು ಲಕ್ಷ ಮಕ್ಕಳಿರುವ ನಗರಕ್ಕೆ ಒಬ್ಬ ಮನುಷ್ಯ, ಅದೂ ಅರ್ಧ ಕಾಲದ ಕೆಲಸಕ್ಕೆ! ಮುಂದೆ ನೂರು ವರ್ಷ ಕೇಳಿಬಂದ ಕೊರತೆಯ ಕೂಗಿನ ಬೀಜ ಈ ಆದೇಶಪತ್ರದಲ್ಲಿಯೇ ಇದೆ. ಯಾವ ಮಗುವನ್ನು ವಿಶೇಷ ಶಾಲೆಗೆ ಕಳುಹಿಸಬೇಕು, ಯಾವುದನ್ನು ಬೇಡ ಎಂದು ಹೇಳುವುದು ಅವನ ಮುಖ್ಯ ಕರ್ತವ್ಯ. ಎಂದರೆ, ಬಾಗಿಲ ಬಳಿ ನಿಂತು ಒಳಗೆ ಬಿಡುವವರನ್ನೂ ಹೊರಗೆ ಕಳುಹಿಸುವವರನ್ನೂ ಬೇರೆಮಾಡುವ ದ್ವಾರಪಾಲಕನ ಕೆಲಸ. ದ್ವಾರಪಾಲಕನಾದರೆ ಒಬ್ಬ ಸಾಕು ಎಂದು ಆಡಳಿತಗಾರರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, ಉಪಾಧ್ಯಾಯರೊಡನೆ ಮಾತನಾಡಿ, ಮನೆಯವರನ್ನು ಕಂಡು, ಆರು ತಿಂಗಳಾದ ಮೇಲೆ ಮತ್ತೆ ಬಂದು ನೋಡುವ ಕೆಲಸಕ್ಕೆ ಒಬ್ಬನಲ್ಲ, ಒಂದು ದಂಡೇ ಬೇಕು. ಆ ಲೆಕ್ಕವನ್ನು ಆಗ ಯಾರೂ ಹಾಕಲಿಲ್ಲ.

ಬರ್ಟನ ಸಾಮರ್ಥ್ಯದಲ್ಲಿ ಸಂದೇಹವಿಲ್ಲ. ಅವನು 1921ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ದೊಡ್ಡ ಸಂಪುಟ, 1925ರ ಬಾಲಾಪರಾಧಿಗಳನ್ನು ಕುರಿತ ಗ್ರಂಥ, 1937ರ ಹಿಂದುಳಿದ ಮಗುವನ್ನು ಕುರಿತ ಗ್ರಂಥ ಇವು ಬಹುಕಾಲ ಪ್ರಮಾಣಗ್ರಂಥಗಳಾಗಿದ್ದವು. ಬಡತನ, ಇಕ್ಕಟ್ಟಾದ ಮನೆ, ಕಾಯಿಲೆ ಇವು ಕಲಿಕೆಯನ್ನು ಹೇಗೆ ಕೆಡಿಸುತ್ತವೆಂಬುದನ್ನು ಅವನು ಬೀದಿಬೀದಿಯಾಗಿ ಕಂಡಿದ್ದ. ಹಾಗಿದ್ದೂ ಬುದ್ಧಿ ಬಹುಮಟ್ಟಿಗೆ ಹುಟ್ಟಿನಿಂದ ಬರುವುದೆಂಬ ನಂಬಿಕೆಯನ್ನು ಅವನು ಬಿಡಲಿಲ್ಲ. 1946ರಲ್ಲಿ ಅವನಿಗೆ ‘ಸರ್’ ಪದವಿ ದೊರೆಯಿತು, 1971ರಲ್ಲಿ ತೀರಿಕೊಂಡ. ಅನಂತರದ ಕಥೆ ಎಲ್ಲರಿಗೂ ಗೊತ್ತು. ಅವಳಿ ಮಕ್ಕಳನ್ನು ಕುರಿತ ಅವನ ಲೇಖನಗಳಲ್ಲಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಸಹಸಂಬಂಧದ ಅಂಕೆ ಮಾತ್ರ 0.771 ಎಂದು ಮೂರನೆಯ ದಶಮಾಂಶದವರೆಗೂ ಕದಲದೆ ನಿಂತಿದ್ದುದನ್ನು ಅಮೆರಿಕದ ಲಿಯೊನ್ ಕ್ಯಾಮಿನ್ ಬಯಲಿಗೆಳೆದ. 1976ರಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಅದು ದೊಡ್ಡ ಗದ್ದಲವಾಯಿತು. ಅಂಕೆಗಳನ್ನು ಕಲ್ಪಿಸಿದನೇ, ಇಲ್ಲವೆ ಮುಪ್ಪಿನಲ್ಲಿ ಅಜಾಗರೂಕನಾದನೇ ಎಂಬ ವಾದ ಮುಂದೆ ಬಹುಕಾಲ ನಡೆಯಿತು. ಅದು ನಮ್ಮ ವಿಷಯಕ್ಕೆ ಅಷ್ಟು ಮುಖ್ಯವಲ್ಲ. ಹುಟ್ಟಿನಿಂದ ಬಂದುದನ್ನು ಬದಲಾಯಿಸಲಾಗದೆಂಬ ನಂಬಿಕೆ ಬೇರೂರಿದ ಕಡೆ, ಬದಲಾಯಿಸಲು ಬರುವವನಿಗೆ ಸಂಬಳ ಕೊಡಬೇಕೆಂದು ಯಾವ ಖಜಾನೆಗೂ ತೋಚುವುದಿಲ್ಲ, ಮುಖ್ಯವಾದುದು ಇದು.

ಲಂಡನ್ನಿನ ಮಾದರಿಯನ್ನು ಅನುಸರಿಸಲು ಬೇರೆ ಊರುಗಳಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಲೆಸ್ಟರ್ ನಗರ ತನ್ನ ಮನಶ್ಶಾಸ್ತ್ರಜ್ಞನನ್ನು ನೇಮಿಸಿದ್ದು 1930ರ ದಶಕದ ಆರಂಭದಲ್ಲಿ. 1944ರ ಶಿಕ್ಷಣ ಶಾಸನವು ವಿಶೇಷ ನೆರವು ಬೇಕಾದ ಮಕ್ಕಳನ್ನು ಹುಡುಕಿ ಗೊತ್ತುಮಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ಸಹಿ ಹಾಕುವ ಅಧಿಕಾರ ಮಾತ್ರ ಶಾಲಾ ವೈದ್ಯಾಧಿಕಾರಿಯ ಕೈಯಲ್ಲಿಯೇ ಉಳಿಯಿತು. ಮನಶ್ಶಾಸ್ತ್ರಜ್ಞರ ಕೆಲಸವೇನು, ಎಷ್ಟು ಮಂದಿ ಬೇಕು ಎಂದು ಸರ್ಕಾರ ಗಂಭೀರವಾಗಿ ವಿಚಾರಿಸಿದ್ದು ಸಮ್ಮರ್‌ಫೀಲ್ಡ್ ಸಮಿತಿಯ ಮೂಲಕ. ಅದರ ವರದಿ 1968ರಲ್ಲಿ ಬಂದಿತು. ಹತ್ತು ಸಾವಿರ ಮಕ್ಕಳಿಗೆ ಒಬ್ಬನಾದರೂ ಇರಬೇಕೆಂದು ಅದು ಹೇಳಿತು. ಮೊದಲ ನೇಮಕ ನಡೆದು ಐವತ್ತೈದು ವರ್ಷಗಳ ಮೇಲೆ ಕೇಳಿದ್ದು ಇಷ್ಟು. ವರ್ಷಕ್ಕೆ ಇನ್ನೂರು ದಿನ ಶಾಲೆ ನಡೆದರೆ ಅವನು ದಿನಕ್ಕೆ ಐವತ್ತು ಮಕ್ಕಳನ್ನು ಕಂಡಾಗ ಎಲ್ಲರ ಮುಖವನ್ನೂ ಒಂದೊಂದು ಸಲ ನೋಡಿದಂತಾಗುತ್ತದೆ.

ಇದೇ ಕಾಲದಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ಬಿದ್ದಿತು. ವೆಸ್ಟ್ ಇಂಡೀಸಿನಿಂದ ಬಂದು ಲಂಡನ್ನಿನಲ್ಲಿ ನೆಲಸಿದವರ ಮಕ್ಕಳು ‘ಕೆಳಮಟ್ಟದ ಬುದ್ಧಿಯವರ’ ಶಾಲೆಗಳಲ್ಲಿ ತಮ್ಮ ಜನಸಂಖ್ಯೆಗೆ ಮೀರಿ ತುಂಬಿಕೊಂಡಿದ್ದರು. ಅಂಥ ಶಾಲೆಗಳಲ್ಲಿ ಪಾಠ ಹೇಳಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಚಿಕ್ಕ ಪುಸ್ತಿಕೆಯನ್ನು ಹೊರಡಿಸಿ ಕೇಳಿದ: ಪ್ರಶ್ನೆಯ ಭಾಷೆ ನಿಮ್ಮದು, ಚಿತ್ರದ ಮನೆ ನಿಮ್ಮದು, ಕೇಳುವವನ ಮುಖ ನಿಮ್ಮದು, ಹಡಗಿನಿಂದ ಇಳಿದು ಬಂದ ಮಗು ಸುಮ್ಮನೆ ಕುಳಿತರೆ ಅದಕ್ಕೆ ಬುದ್ಧಿಯಿಲ್ಲವೆಂದು ಬರೆಯುತ್ತೀರಲ್ಲ, ಇದು ಯಾರ ಅಳತೆ? ಅವನ ವಾದದ ತಿರುಳು ಇದು. ಆತುರದ ಅಳತೆಗೆ ಮೊದಲು ಬಲಿಯಾಗುವವರು ದುರ್ಬಲರ ಮಕ್ಕಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಮೇರಿ ವಾರ್ನಕ್ ಅವರ ಅಧ್ಯಕ್ಷತೆಯ ಸಮಿತಿ 1978ರಲ್ಲಿ ಕೊಟ್ಟ ವರದಿ ಉದಾರವಾದುದು. ಐದು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ವಿಶೇಷ ನೆರವು ಬೇಕಾಗಬಹುದೆಂದೂ, ಅವರಲ್ಲಿ ಬಹುಮಂದಿಯ ಸ್ಥಾನ ಸಾಮಾನ್ಯ ಶಾಲೆಯೇ ಎಂದೂ, ಐದು ಸಾವಿರ ಮಂದಿಗೆ ಒಬ್ಬ ಮನಶ್ಶಾಸ್ತ್ರಜ್ಞ ಬೇಕೆಂದೂ ಅದು ಹೇಳಿತು. ಅದರ ಹಿಂದೆಯೇ 1981ರ ಶಾಸನ ಬಂದಿತು. ಹೆಚ್ಚಿನ ಕಷ್ಟವಿರುವ ಮಗುವಿಗೆ ಏನೇನು ನೆರವು ಸಲ್ಲಬೇಕೆಂದು ಸ್ಥಳೀಯ ಸಂಸ್ಥೆ ಬರಹದಲ್ಲಿ ಬದ್ಧವಾಗಬೇಕು. ಆ ಬರಹಕ್ಕೆ ಮನಶ್ಶಾಸ್ತ್ರಜ್ಞನ ಲಿಖಿತ ಅಭಿಪ್ರಾಯ ಅವಶ್ಯಕ. ವೈದ್ಯನ ನೆರಳಿನಲ್ಲಿದ್ದವನಿಗೆ ಕಡೆಗೂ ಕಾನೂನಿನ ಆಸನ ದೊರೆಯಿತೆಂದು ಆ ಕಸುಬಿನವರು ಸಂತೋಷಪಟ್ಟಿರಬೇಕು. ಆದರೆ ಆದದ್ದೇನು? ಇರುವ ಕೆಲವೇ ಮಂದಿಯ ಹೊತ್ತೆಲ್ಲ ವರದಿ ಬರೆಯುವುದರಲ್ಲಿ ಕಳೆಯತೊಡಗಿತು. ಉಪಾಧ್ಯಾಯರೊಡನೆ ಕುಳಿತು ದಾರಿ ಹುಡುಕುವ ಕೆಲಸ, ಕಷ್ಟ ಬಲಿಯುವ ಮೊದಲೇ ಕಂಡುಹಿಡಿಯುವ ಕೆಲಸ ಹಿಂದೆ ಸರಿಯಿತು. ಮೊದಲೇ ನೋಡುವವರಿಲ್ಲದ್ದರಿಂದ ಕಷ್ಟ ಬಲಿಯಿತು. ಬಲಿತ ಮೇಲೆ ಮತ್ತೊಂದು ವರದಿ ಬೇಕಾಯಿತು.

2014ರ ಶಾಸನ ಈ ಹಕ್ಕನ್ನು ಇಪ್ಪತ್ತೈದು ವರ್ಷ ವಯಸ್ಸಿನವರೆಗೆ ವಿಸ್ತರಿಸಿತು. ಇಪ್ಪತ್ತು ವಾರಗಳ ಗಡುವನ್ನೂ ಇಟ್ಟಿತು. ಇಂಗ್ಲೆಂಡಿನಲ್ಲಿ ಇಂಥ ಪತ್ರವಿದ್ದವರು 2015ರಲ್ಲಿ ಸುಮಾರು 2 ಲಕ್ಷ 40 ಸಾವಿರ. 2025ರ ಜನವರಿಯಲ್ಲಿ 6 ಲಕ್ಷ 38 ಸಾವಿರಕ್ಕೂ ಹೆಚ್ಚು. ಈ ಕಡೆ ಮನಶ್ಶಾಸ್ತ್ರಜ್ಞನನ್ನು ತಯಾರುಮಾಡುವ ಹಾದಿ ಮತ್ತೂ ಉದ್ದವಾಯಿತು: ಹಿಂದೆ ಅಧ್ಯಾಪನದ ಅನುಭವದ ಮೇಲೆ ಒಂದು ವರ್ಷದ ಸ್ನಾತಕೋತ್ತರ ತರಬೇತಿ ಸಾಕಾಗಿತ್ತು, 2006ರಿಂದ ಮೂರು ವರ್ಷದ ಡಾಕ್ಟರೇಟ್. ಪಾಂಡಿತ್ಯ ಹೆಚ್ಚಿತು, ನಿಜ. ಹೊರಬರುವವರ ಸಾಲು ತೆಳುವಾಗಿಯೇ ಉಳಿಯಿತು. ವಾರಿಕ್ ವಿಶ್ವವಿದ್ಯಾನಿಲಯದವರು ಸರ್ಕಾರಕ್ಕಾಗಿ ನಡೆಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉತ್ತರ ಕೊಟ್ಟ ಸ್ಥಳೀಯ ಸಂಸ್ಥೆಗಳ ಪೈಕಿ ನೂರಕ್ಕೆ 88 ಸಂಸ್ಥೆಗಳು ಈ ಹುದ್ದೆಗಳಿಗೆ ಜನ ಸಿಗುವುದು ಕಷ್ಟವೆಂದು ಹೇಳಿದವು. ಆ ವರ್ಷ ಸುಮಾರು ಅರ್ಧದಷ್ಟು ಪತ್ರಗಳು ಮಾತ್ರ ಗಡುವಿನೊಳಗೆ ಕೈಸೇರಿದವು. ಅನುಕೂಲವಂತರು ಹಣ ಕೊಟ್ಟು ಖಾಸಗಿ ತಜ್ಞರಿಂದ ವರದಿ ತರಿಸಿಕೊಳ್ಳುತ್ತಾರೆ. ಮಿಕ್ಕವರು ಸರದಿಯಲ್ಲಿ ನಿಲ್ಲುತ್ತಾರೆ.

ಇಂಗ್ಲೆಂಡಿನ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಈ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಅದೇ ಲಂಡನ್ನಿನಿಂದ. ಬರ್ಟ್ 1932ರಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾದಾಗ ಅವನು ಏರಿದ್ದು ಚಾರ್ಲ್ಸ್ ಸ್ಪಿಯರ್‌ಮನ್ನನ ಪೀಠವನ್ನು. ಆ ಸ್ಪಿಯರ್‌ಮನ್ನನ ಬಳಿ ಅದಕ್ಕೆ ಮೊದಲೇ ಅಭ್ಯಾಸ ಮಾಡಿ ಡಾಕ್ಟರೇಟ್ ಪಡೆದು ಬಂದವರು ನಮ್ಮ ಎಂ. ವಿ. ಗೋಪಾಲಸ್ವಾಮಿಯವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಅವರಿಂದ ಆರಂಭವಾಯಿತು. ಕಲ್ಕತ್ತೆಯನ್ನು ಬಿಟ್ಟರೆ ಇಡೀ ಭಾರತದಲ್ಲಿ ಇದಕ್ಕೆ ಹಿರಿಯಣ್ಣನಿಲ್ಲ. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವೊಂದನ್ನು ತೆರೆದು ‘ಆಕಾಶವಾಣಿ’ ಎಂಬ ಮಾತಿಗೆ ಪ್ರಚಾರ ತಂದವರೂ ಇವರೇ ಆದ್ದರಿಂದ, ಜನ ಅವರನ್ನು ನೆನೆಯುವುದು ರೇಡಿಯೋಗಾಗಿ. ಮನಶ್ಶಾಸ್ತ್ರಕ್ಕಾಗಿ ನೆನೆಯುವವರು ವಿರಳ.

ಇತ್ತ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಇನ್ನೂ ಗಟ್ಟಿಯಾದ ಕೆಲಸ ನಡೆಯಿತು. ವಿ. ವಿ. ಕಾಮತರು ಟರ್ಮನ್ನನ ಸ್ಟ್ಯಾನ್‌ಫರ್ಡ್ ಪರೀಕ್ಷೆಯನ್ನು ಎತ್ತಿಕೊಂಡು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಅದನ್ನು ತಿದ್ದಿದರು. ಆ ಕೆಲಸದ ವರದಿ 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿಯೂ, ಪೂರ್ಣರೂಪದ ಗ್ರಂಥ 1940ರಲ್ಲಿಯೂ ಪ್ರಕಟವಾದವು. ಭಾರತದ ಭಾಷೆಗೆ ಬಿನೇಯನ್ನು ತರುವ ಪ್ರಯತ್ನ ಲಾಹೋರಿನಲ್ಲಿ ಹರ್ಬರ್ಟ್ ರೈಸ್ ಎಂಬವನಿಂದ ಮೊದಲೇ ನಡೆದಿತ್ತು. ಅವನ ಹಿಂದೂಸ್ತಾನಿ ಪರೀಕ್ಷೆ 1929ರಲ್ಲಿ ಪುಸ್ತಕವಾಗಿತ್ತು. ಆದರೆ ಬಹುಕಾಲ ಬಾಳಿದ್ದು ಧಾರವಾಡದ್ದು.

ಈ ಕೆಲಸ ಎಷ್ಟು ತೊಡಕಿನದೆಂಬುದು ಭಾಷೆಯನ್ನು ಕಲಿಸುವವರಿಗೆ ಬೇಗ ತಿಳಿಯುತ್ತದೆ. ಅಮೆರಿಕದ ಪರೀಕ್ಷೆಯಲ್ಲಿ ನಾಣ್ಯಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ಅಲ್ಲಿಯ ನಿಕಲ್ ಇಲ್ಲಿಯ ಮಗುವಿಗೇನು ಗೊತ್ತು? ಶಬ್ದಗಳ ಅರ್ಥ ಕೇಳುತ್ತಾರೆ. ಇಂಗ್ಲಿಷಿನ ಸುಲಭ ಶಬ್ದಕ್ಕೆ ಕನ್ನಡದ ಕಠಿಣ ಸಂಸ್ಕೃತ ಶಬ್ದ ಸಮನಾದೀತೆ? ಎಲ್ಲಕ್ಕಿಂತ ಸ್ವಾರಸ್ಯವೆಂದರೆ, ಒಂದು ಪದವನ್ನು ಕೊಟ್ಟು ಅದಕ್ಕೆ ಪ್ರಾಸವಾಗುವ ಪದಗಳನ್ನು ಹೇಳೆಂದು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಪ್ರಾಸ ಪದದ ಕೊನೆಯಲ್ಲಿ. ನಮ್ಮ ಪೂರ್ವಕವಿಗಳಿಗೆ ಅದು ಎರಡನೆಯ ಅಕ್ಷರದಲ್ಲಿ. ಇದು ಹಾಸ್ಯದ ಮಾತಾದರೂ ಒಳಗಿನ ಸಂಗತಿ ಗಂಭೀರವಾದುದು: ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಮಕ್ಕಳಿಗೆ 1960ರ ದಶಕದಲ್ಲಿ ಯಾವ ಅನ್ಯಾಯವಾಯಿತೋ ಅದನ್ನು ತಪ್ಪಿಸಬೇಕೆಂಬ ವಿವೇಕ ಧಾರವಾಡದಲ್ಲಿ ಮೂವತ್ತು ವರ್ಷ ಮೊದಲೇ ಕೆಲಸ ಮಾಡಿತ್ತು. ಮಗುವನ್ನು ಅದರ ನುಡಿಯಲ್ಲಿಯೇ ಮಾತನಾಡಿಸಿ ಅಳೆಯಬೇಕೆಂಬ ವಿವೇಕ ಅದು. ‘ಬಿನೇ–ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರ ಮಾನದಂಡಗಳು ಬಹಳ ಹಳೆಯವಾದುವೆಂಬ ಆಕ್ಷೇಪ ನ್ಯಾಯವಾದುದೇ. ಅಜ್ಜನ ಕಾಲದ ಮಕ್ಕಳಿಗೆ ಹೋಲಿಸಿ ಮೊಮ್ಮಗನನ್ನು ಅಳೆಯುವುದು ಸರಿಯಲ್ಲ. ಹೊಸ ಅಳತೆಯನ್ನು ಕಟ್ಟಲು ಊರೂರಿನ ಶಾಲೆಗಳಲ್ಲಿ ಕೆಲಸ ಮಾಡುವ ಜನ ಬೇಕು, ಅವರು ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಯೋಜನೆಗಳಿಗೇನೂ ಬರವಿರಲಿಲ್ಲ. 1947ರಲ್ಲಿ ಅಲಹಾಬಾದಿನಲ್ಲಿ ಸರ್ಕಾರಿ ಮನಶ್ಶಾಸ್ತ್ರ ಕೇಂದ್ರ ತೆರೆಯಿತು. 1952–53ರ ಮೊದಲಿಯಾರ್ ಆಯೋಗ ಶಾಲೆಗಳಲ್ಲಿ ಮಾರ್ಗದರ್ಶನ ಬೇಕೆಂದಿತು. 1954ರಲ್ಲಿ ದೆಹಲಿಯಲ್ಲಿ ಅದಕ್ಕಾಗಿ ಕೇಂದ್ರ ಕಾರ್ಯಾಲಯವೊಂದು ಏರ್ಪಟ್ಟಿತು. 1964–66ರ ಕೊಠಾರಿ ಆಯೋಗ, ಕನಿಷ್ಠಪಕ್ಷ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ ಎಂದು ಹೇಳಿತು. ಈ ಕನಿಷ್ಠವನ್ನು ಓದುವಾಗ ಸಮ್ಮರ್‌ಫೀಲ್ಡ್ ಸಮಿತಿಯ ನೆನಪಾಗುತ್ತದೆ. ಎರಡು ದೇಶಗಳು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಬಹಳ ಸಣ್ಣ ದನಿಯಲ್ಲಿ, ಬಹಳ ಕಡಿಮೆ ಕೇಳಿದವು. ವ್ಯತ್ಯಾಸವೆಂದರೆ ಅಲ್ಲಿ ಕೇಳಿದ್ದರಲ್ಲಿ ಸ್ವಲ್ಪವಾದರೂ ದೊರೆಯಿತು. ಇಲ್ಲಿ ಸರ್ಕಾರಿ ಶಾಲೆಯ ಸಿಬ್ಬಂದಿ ಪಟ್ಟಿಗೆ ಮನಶ್ಶಾಸ್ತ್ರಜ್ಞನೆಂಬ ಸಾಲು ಸೇರಲೇ ಇಲ್ಲ. ಬದಲಿಗೆ ಅವನ ಶಾಸ್ತ್ರವನ್ನು ಬಿ.ಎಡ್. ತರಗತಿಯ ಪಠ್ಯವಾಗಿ ಇಟ್ಟರು. ಬಿನೇಯ ಹೆಸರನ್ನೂ ಬುದ್ಧಿಲಬ್ಧದ ಸೂತ್ರವನ್ನೂ ಪರೀಕ್ಷೆಗಾಗಿ ಉರು ಹೊಡೆಯದ ಉಪಾಧ್ಯಾಯರು ನಮ್ಮಲ್ಲಿಲ್ಲ. ಅದರಿಂದ ಒಂದು ಮಗುವನ್ನಾದರೂ ಅಳೆಯಲು ಅವಕಾಶ ಪಡೆದವರೂ ಇಲ್ಲವೆನ್ನುವಷ್ಟು ಕಡಿಮೆ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು; ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ದೇಶಕ್ಕೆಲ್ಲ ತಜ್ಞರನ್ನು ಕೊಟ್ಟ ಸಂಸ್ಥೆ ಅದು. ಕನ್ನಡದಲ್ಲಿ ಮನಸ್ಸಿನ ವಿಚಾರವನ್ನು ಸಾಮಾನ್ಯರಿಗೆ ತಿಳಿಹೇಳುವ ಸಾಹಿತ್ಯವೂ ಚೆನ್ನಾಗಿ ಬೆಳೆಯಿತು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದುದು ಸಣ್ಣ ಮಾತಲ್ಲ. ಹೀಗೆ ನಮ್ಮಲ್ಲಿ ಗ್ರಂಥವಿತ್ತು, ಪರೀಕ್ಷೆಯಿತ್ತು, ಪಂಡಿತರಿದ್ದರು, ಆಸ್ಪತ್ರೆಯಿತ್ತು. ಆಸ್ಪತ್ರೆಗೂ ಹಳ್ಳಿಯ ಶಾಲೆಗೂ ನಡುವೆ ಓಡಾಡುವ ಮನುಷ್ಯನಿರಲಿಲ್ಲ. ಕಲಿಕೆಯ ತೊಡಕಿಗಾಗಿ ಆಸ್ಪತ್ರೆಯ ಮೆಟ್ಟಲು ಹತ್ತುವುದೆಂದರೆ ನಮ್ಮ ಜನಕ್ಕೆ ಹುಚ್ಚಿನ ಹೆಸರು ಅಂಟಿತೆಂಬ ಭಯ. ಆ ಭಯಕ್ಕೆ ಹೆದರಿ ಎಷ್ಟು ತಾಯಂದಿರು ಹರಕೆ ಹೊತ್ತು ಸುಮ್ಮನಾಗಿದ್ದಾರೆಂಬುದನ್ನು ಯಾವ ದಾಖಲೆಯೂ ಹೇಳಲಾರದು.

ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಶಾಸನ ಹೊಸದೊಂದು ಬಾಗಿಲನ್ನು ತೆರೆಯಿತು. ಓದು, ಬರಹ, ಲೆಕ್ಕಗಳಲ್ಲಿ ಮಾತ್ರ ಕಾಣುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 1995ರ ಶಾಸನ ಹೆಸರಿಸಿರಲಿಲ್ಲ, ಇದು ಹೆಸರಿಸಿತು. ಅದನ್ನು ಪ್ರಮಾಣೀಕರಿಸಿದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕ ಮೊದಲಾದ ಸೌಲಭ್ಯಗಳಿವೆ. ಸೌಲಭ್ಯ ಪತ್ರವನ್ನು ಕೇಳುತ್ತದೆ, ಪತ್ರ ತಜ್ಞನನ್ನು ಕೇಳುತ್ತದೆ, ತಜ್ಞ ನಗರದಲ್ಲಿದ್ದಾನೆ. ಇಂಗ್ಲೆಂಡಿನಲ್ಲಿ 1981ರ ಮೇಲೆ ನಡೆದದ್ದನ್ನೇ ನಾವು, ಅಲ್ಲಿದ್ದ ಜನದ ಒಂದಂಶವೂ ಇಲ್ಲದೆ, ಈಗ ನಡೆಸಲು ಹೊರಟಿದ್ದೇವೆ. ತಾಲ್ಲೂಕು ಮಟ್ಟದಲ್ಲಿ ವಿಶೇಷ ಮಕ್ಕಳಿಗೆಂದು ಸಂಪನ್ಮೂಲ ಶಿಕ್ಷಕರಿದ್ದಾರೆ. ಊರಿಂದೂರಿಗೆ ತಿರುಗಿ ದುಡಿಯುವ ಅವರ ಶ್ರಮ ದೊಡ್ಡದು. ಅವರನ್ನು ಮನಶ್ಶಾಸ್ತ್ರಜ್ಞರೆಂದು ಭಾವಿಸಿ ಕೈತೊಳೆದುಕೊಳ್ಳುವುದು ಅವರಿಗೂ ಅನ್ಯಾಯ.

ಕಾಲೇಜಿನಲ್ಲಿ ಕನ್ನಡ ಹೇಳುವ ನಮ್ಮಂಥವರ ಕೈಗೆ ಪ್ರತಿವರ್ಷ ಕೆಲವು ಉತ್ತರಪತ್ರಿಕೆಗಳು ಬರುತ್ತವೆ. ವಿಷಯ ತಿಳಿದಿದೆಯೆಂಬುದಕ್ಕೆ ಸಂದೇಹವಿಲ್ಲ. ತರಗತಿಯಲ್ಲಿ ಚೆನ್ನಾಗಿ ಮಾತನಾಡಿದ ಹುಡುಗ. ಬರಹದಲ್ಲಿ ಮಾತ್ರ ಒತ್ತಕ್ಷರಗಳು ಉದುರಿಹೋಗಿವೆ, ದೀರ್ಘಗಳು ಹ್ರಸ್ವವಾಗಿವೆ, ಅಕ್ಷರಗಳು ಸ್ಥಳ ಬದಲಿಸಿವೆ. ಇದು ಉದಾಸೀನವೋ, ಕೆಟ್ಟ ಕಲಿಕೆಯೋ, ಅಲ್ಲ ಬೇರೇನೋ? ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ನಂಬಿ ಮಾಡಿದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ನಮ್ಮ ಮಗು ಗುಣಿತಾಕ್ಷರಗಳೇ ನಾನೂರಕ್ಕೆ ಮಿಕ್ಕಿರುವ ಲಿಪಿಯನ್ನು ಕಲಿಯಬೇಕು. ಅದರ ಮೇಲೆ ಒತ್ತುಗಳು. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ನಾಲ್ಕನೆಯ ತರಗತಿಯವರೆಗೂ ಹಿಡಿಯಬಹುದೆಂದು ತೋರಿಸಿತು. ಹಾಗಾದರೆ ಎರಡನೆಯ ತರಗತಿಯ ಮಗು ತಡವರಿಸಿದರೆ ಅದು ಸಹಜವೋ ತೊಂದರೆಯೋ ಎಂದು ಹೇಳಲು ಕನ್ನಡದ ಲಿಪಿಯನ್ನೂ ಮನಸ್ಸಿನ ಶಾಸ್ತ್ರವನ್ನೂ ಕೂಡಿಯೇ ಬಲ್ಲವರು ಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ನಮ್ಮ ಕೆಂಪು ಮಸಿಗೆ ಅದು ತಿಳಿದು ಪ್ರಯೋಜನವಿಲ್ಲ.

2025ರ ಜುಲೈಯಲ್ಲಿ, ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ದೇಶದ ವಿದ್ಯಾಸಂಸ್ಥೆಗಳಿಗೆಲ್ಲ ಕೆಲವು ನಿರ್ದೇಶನಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕನೋ ಮನಶ್ಶಾಸ್ತ್ರಜ್ಞನೋ ಸಮಾಜಕಾರ್ಯಕರ್ತನೋ ಇರಬೇಕು. ನೊಂದ ಮನಸ್ಸಿಗೆ ಸಾಂತ್ವನ ಹೇಳುವವನೂ ಕಲಿಕೆಯ ತೊಡಕನ್ನು ಬಿಡಿಸುವವನೂ ಒಬ್ಬನೇ ಆಗಿರಬೇಕಾಗಿಲ್ಲ ಎಂಬುದನ್ನು ಬದಿಗಿಟ್ಟರೂ, ಹತ್ತು ಸಾವಿರಕ್ಕೆ ಒಬ್ಬನೆಂದು ಕೇಳಿದ ಕಾಲದಿಂದ ಇಲ್ಲಿಗೆ ಬಂದುದು ದೊಡ್ಡ ನೆಗೆತ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಂಡು ಅಗತ್ಯ ಬಿದ್ದಾಗ ಮಕ್ಕಳನ್ನು ಅಲ್ಲಿಗೆ ಕಳುಹಿಸಬೇಕೆಂದೂ ಅದೇ ಆಜ್ಞೆ ಹೇಳುತ್ತದೆ. ನಮ್ಮ ಹಳ್ಳಿಗಳ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಈ ಎರಡನೆಯ ಗುಂಪಿಗೆ ಸೇರಿದವು. ಮಗು ಅಕ್ಷರದ ಮುಂದೆ ಮೊದಲು ಸೋಲುವುದೂ ಅಲ್ಲಿಯೇ. ಅಲ್ಲಿಯ ಹೆಡ್‌ಮಾಸ್ತರರು ಮಗುವಿನ ಕೈಗೆ ಚೀಟಿ ಬರೆದುಕೊಡಲು ಸಿದ್ಧರಾಗಿದ್ದಾರೆಂದೇ ಇಟ್ಟುಕೊಳ್ಳೋಣ. ಚೀಟಿಯ ಮೇಲೆ ಅವರು ಯಾರ ವಿಳಾಸ ಬರೆಯಬೇಕು?